ಕಾಂಪೌಂಡರು ಸೋಸಿದ ಮಾತ್ರೆ

ಇಡಿಯಾಗಿ ನುಂಗುವ ಮಾತ್ರೆ ಅಂದರೆ ಕಾಂಪೌಂಡರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾವುದೋ ಕಾರ್ಖಾನೆಯಲ್ಲಿ, ರೋಗಿಯ ಮುಖವನ್ನೇ ಕಾಣದ ಯಂತ್ರವೊಂದು ಅಚ್ಚು ಹೊಡೆದು ಕಳಿಸಿದ್ದನ್ನು ಕಣ್ಣು ಮುಚ್ಚಿ ಗಂಟಲಿಗಿಳಿಸುವುದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಔಷಧಿ ಅಂದರೆ ಅರೆಯಬೇಕು, ತೂಗಬೇಕು, ಸೋಸಬೇಕು, ಬಾಟಲಿಗೆ ತುಂಬಿ ಚೆನ್ನಾಗಿ ಅಲ್ಲಾಡಿಸಬೇಕು. ಈಗಿನ ಔಷಧಿ ಅಂಗಡಿಯವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. "ಕತ್ತರಿ ಹಿಡ್ಕೊಂಡು ಸ್ಟ್ರಿಪ್ ಕತ್ತರಿಸೋದೇ ಕೆಲಸ. ಇವರಿಗಿಂತ ಟೈಲರ್ ವಾಸಿ, ಅಳತೆನಾದ್ರೂ ತಗೋತಾನೆ," ಅನ್ನುತ್ತಿದ್ದರು. ಅಂಗಡಿಯವನಿಗೆ ಕೇಳಿಸುವಷ್ಟು ಜೋರಾಗಿಯೇ ಅನ್ನುತ್ತಿದ್ದರು.

ಅವರ ಪಾಲಿಗೆ ಕಾಲ ಅನ್ನುವುದು ದೊಡ್ಡ ಡಾಕ್ಟರ ಡಿಸ್ಪೆನ್ಸರಿಯಲ್ಲೇ ನಿಂತುಬಿಟ್ಟಿತ್ತು. ಮುಂದಿನ ಕೋಣೆಯಲ್ಲಿ ದೊಡ್ಡ ಡಾಕ್ಟರು ನಾಡಿ ಹಿಡಿದು ಕೂತರೆ, ಹಿಂದಿನ ಕೋಣೆ ಪೂರ್ತಿ ಇವರ ರಾಜ್ಯ. ಗೋಡೆಯುದ್ದಕ್ಕೂ ಗಾಜಿನ ಬಿರಡೆಯ ಕಂದು ಬಾಟಲಿಗಳು. ಮೂಲೆಯಲ್ಲಿ ಕೈತೂಕದ ಪುಟ್ಟ ತಕ್ಕಡಿ. ನಡುವೆ ಔಷಧಿ ಅರೆಯುವ ಪಿಂಗಾಣಿಯ ಕಲ್ಬತ್ತು. ಜಗುಲಿಯ ಕಡೆಗೆ ಒಂದು ಕಿಟಕಿ, ಬಿಡಿಸಿದ ದಿನಪತ್ರಿಕೆಯಷ್ಟು ಅಗಲದ್ದು. ಅದರಾಚೆ ಜನ ತಮ್ಮ ತಮ್ಮ ಮನೆಯ ಖಾಲಿ ಬಾಟಲಿ ತೊಳೆದುಕೊಂಡು ಬಂದು ಸಾಲಾಗಿ ನಿಂತಿರುತ್ತಿದ್ದರು. ಸ್ಪಿರಿಟ್ಟು ಮತ್ತು ಪುದೀನಾ ಎಣ್ಣೆಯ ವಾಸನೆ ಬೀದಿಯ ತಿರುವಿನವರೆಗೂ ಬರುತ್ತಿತ್ತು. ದೊಡ್ಡ ಡಾಕ್ಟರ ಅಕ್ಷರ ಓದಬಲ್ಲವರು ಇಡೀ ಊರಿಗೆ ಇವರೊಬ್ಬರೇ. ದೊಡ್ಡ ಡಾಕ್ಟರಿಗೇ ಕೆಲವೊಮ್ಮೆ ತಾವು ಬರೆದದ್ದು ತಿಳಿಯದೆ ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದದ್ದುಂಟು.

ಮಿಕ್ಸ್ಚರ್ ತುಂಬಿದ ಮೇಲೆ ಕಾಗದದ ಒಂದು ಪಟ್ಟಿಯನ್ನು ಮಡಿಸಿ, ಅಂಚಿನಲ್ಲಿ ಸರಿಯಾದ ಅಂತರಕ್ಕೆ ಕಚ್ಚು ಕತ್ತರಿಸಿ ಬಾಟಲಿಯ ಪಕ್ಕಕ್ಕೆ ಅಂಟಿಸುವುದು ಅವರ ಕೈಚಳಕ. ಒಂದು ಕಚ್ಚು ಒಂದು ಹೊತ್ತಿನ ಔಷಧಿ. ಓದು ಬಾರದವರೂ ಕಚ್ಚು ನೋಡಿ ಕುಡಿಯುತ್ತಿದ್ದರು. ನಲವತ್ತೊಂದು ವರ್ಷದಲ್ಲಿ ಒಂದು ಕಚ್ಚೂ ಹೆಚ್ಚುಕಮ್ಮಿ ಆಗಿಲ್ಲ ಅನ್ನುವುದು ಅವರ ಹೆಮ್ಮೆ. ಯಾರಾದರೂ ಕೇಳಿದರೆ ಹೇಳುತ್ತಿದ್ದರು. ಕೇಳದಿದ್ದರೂ ಹೇಳುತ್ತಿದ್ದರು.

ಹೆಂಡತಿಯ ಪರಿಚಯವಾದದ್ದೂ ಆ ಕಿಟಕಿಯಲ್ಲೇ. ಆಗಷ್ಟೇ ಶಾಲೆಗೆ ಲೆಕ್ಕದ ಟೀಚರಾಗಿ ಸೇರಿದ್ದ ಹುಡುಗಿ, ಜ್ವರದಲ್ಲಿ ಮೈ ಕೆಂಡವಾಗಿ ಬಂದು, "ಮಾತ್ರೆ ಆದ್ರೆ ಕೊಡ್ಬೇಡಿ, ನನಗೆ ಗಂಟಲು ಕಟ್ಟುತ್ತೆ," ಅಂದಿದ್ದಳು. ಎಂಟನೇ ವಯಸ್ಸಿನಲ್ಲಿ ಒಂದು ದಪ್ಪ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಅಪ್ಪ ಬೆನ್ನಿಗೆ ಗುದ್ದಿ ಗುದ್ದಿ ಅದನ್ನು ಹೊರಗೆ ಹಾಕಿಸಿದ್ದರಂತೆ. ಅಂದಿನಿಂದ ಮಾತ್ರೆ ಕಂಡರೆ ಆಕೆಗೆ ಉಸಿರು ಹಿಡಿದಂತಾಗುತ್ತಿತ್ತು. ಕಾಂಪೌಂಡರು ಮಾತ್ರೆಗಳನ್ನು ಹಿಟ್ಟಿನಂತೆ ಅರೆದು, ಆರು ಸಮಪಾಲು ಮಾಡಿ, ಆರು ಪೊಟ್ಟಣ ಕಟ್ಟಿ ಕೊಟ್ಟರು. ಜ್ವರ ಬಿಟ್ಟಿತು. ಆದರೆ ಹುಡುಗಿ ಕಿಟಕಿಗೆ ಬರುವುದು ಬಿಡಲಿಲ್ಲ.

"ಕೆಲವರು ರೂಪ ನೋಡಿ ಮದುವೆ ಆಗ್ತಾರೆ, ನಾನು ಪೊಟ್ಟಣ ನೋಡಿ ಆದೆ," ಎಂದು ಟೀಚರಮ್ಮ ಇವತ್ತಿಗೂ ನಗಾಡುತ್ತಾರೆ. ಬೀದಿಯವರಿಗೆಲ್ಲ ಆಕೆ ಟೀಚರಮ್ಮ, ಇವರು ಕಾಂಪೌಂಡರು. ಗಂಡಹೆಂಡಿರಿಗೆ ಬೇರೆ ಹೆಸರಿದ್ದದ್ದು ಅಂಚೆಯವನಿಗೂ ಮರೆತುಹೋಗಿತ್ತು.

ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಡಿಸ್ಪೆನ್ಸರಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅದೇ ಕಿಟಕಿಯಲ್ಲಿ ಯಾರೋ ಕೂತು ಒಡೆದ ಗಾಜು ಬದಲಾಯಿಸುತ್ತಾರೆ. ಕಾಂಪೌಂಡರು ಆ ಬೀದಿಗೆ ಹೋಗುವುದನ್ನೇ ಬಿಟ್ಟರು. ಕಲ್ಬತ್ತು, ಅಳತೆಯ ಗಾಜು, ಎರಡು ಕಂದು ಬಾಟಲಿ, ಇಷ್ಟನ್ನು ಹಳೆಯ ಟವಲಿನಲ್ಲಿ ಸುತ್ತಿ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟರು. ಹನ್ನೊಂದು ವರ್ಷ ಅದನ್ನು ಬಿಚ್ಚಲಿಲ್ಲ. ಗಡ್ಡ ಕೂಡ ವಾರಕ್ಕೊಮ್ಮೆ ಬೋಳಿಸಿದರೆ ಹೆಚ್ಚು.

ಅಂಥ ಮನೆಗೆ ಸಕ್ಕರೆ ಕಾಯಿಲೆ ಬಂತು. ಬಂದದ್ದು ಟೀಚರಮ್ಮನಿಗೆ. ಕನ್ನಡಕ ಬದಲಾಯಿಸಲು ಹೋದವರ ಕಣ್ಣಿನ ಹಿಂಭಾಗದಲ್ಲಿ ಸಣ್ಣ ಸಣ್ಣ ಕಲೆ ಕಂಡ ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಸಕ್ಕರೆ ಏರಿ ಕೂತಿತ್ತು. ಟೀಚರಮ್ಮನ ತಾಯಿಗೂ ಇದೇ ಕಾಯಿಲೆ ಇತ್ತು, ಕೊನೆಯ ಆರು ವರ್ಷ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಮಗಳು ಬಂದಾಗ ಮುಖ ತಡವಿ ನೋಡುತ್ತಿದ್ದರು. ಟೀಚರಮ್ಮನಿಗೆ ಪುಸ್ತಕ ಅಂದರೆ ಪ್ರಾಣ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಬಸ್ಸು ಹತ್ತಿ ಲೈಬ್ರರಿಗೆ ಹೋಗಿ ಸಂಜೆಯವರೆಗೆ ಓದಿಕೊಂಡು ಬರುವವರು. ಆ ದಿನ ಮನೆಗೆ ಬಂದು, "ಸಕ್ಕರೆ ಇಳಿದ್ರೆ ಕಲೆ ಅಲ್ಲೇ ನಿಲ್ಲಬಹುದಂತೆ. ಇಳೀದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಸಕ್ಕರೆ ಕಾಯಿಲೆಗೆ ನೋಡುವ ಡಾಕ್ಟರಮ್ಮ ಬರೆದುಕೊಟ್ಟದ್ದು ಮೆಟ್‌ಫಾರ್ಮಿನ್. ವಯಸ್ಸಿನಲ್ಲಿ ಮೊಮ್ಮಗಳಂತಿದ್ದ ಈ ಡಾಕ್ಟರಮ್ಮ ಕಾಂಪೌಂಡರ ಮೇಲೆ ಬಹಳ ಗೌರವ ಇಟ್ಟುಕೊಂಡಿದ್ದವರು. ದಿನಕ್ಕೆ ಎರಡು, ಊಟದ ಜೊತೆ. ಮಾತ್ರೆ ನೋಡಿದ್ದೇ ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ಇದು ಮಾತ್ರೆನೋ, ಕೋಟಿನ ಗುಂಡಿನೋ?" ಅಂದರು. ಕಾಂಪೌಂಡರು ಎದ್ದು ಹೋಗಿ ಬೀರುವಿನ ಕೆಳಗಿನ ಅರೆಯಿಂದ ಟವಲಿನ ಗಂಟು ತಂದು ಮೇಜಿನ ಮೇಲಿಟ್ಟು ಬಿಚ್ಚಿದರು.

ಆ ಮೊದಲ ಬಗೆಯ ಮಾತ್ರೆಯನ್ನು ಅರೆದೇ ಕೊಟ್ಟರು, ಅದನ್ನು ಹಾಗೆ ಕೊಡಬಹುದಿತ್ತು. ಡಾಕ್ಟರಮ್ಮನೂ ಹೂಂ ಅಂದಿದ್ದರು. ಆದರೆ ಹೊಟ್ಟೆ ಕೇಳಲಿಲ್ಲ. ಓಕರಿಕೆ, ಬಾಯಲ್ಲಿ ತಾಮ್ರದ ಚೂರು ಇಟ್ಟುಕೊಂಡಂಥ ರುಚಿ, ಬಚ್ಚಲಿಗೂ ಕೋಣೆಗೂ ಓಡಾಟ. ತಿಂಗಳ ಮೇಲೆ ಹೋದಾಗ ಡಾಕ್ಟರಮ್ಮ, "ಇದು ಕೆಲವರಿಗೆ ಹೀಗೆ ಮಾಡುತ್ತೆ. ಇದೇ ಔಷಧಿ, ನಿಧಾನವಾಗಿ ಬಿಡೋ ಥರದ್ದು ಕೊಡ್ತೀನಿ. ಸಂಜೆ ಊಟದ ಜೊತೆ ಒಂದೇ," ಎಂದು ಬರೆದುಕೊಟ್ಟರು. ಹೊರಗೆ ಜನ ಕಾಯುತ್ತಿದ್ದರು, ಅರ್ಧ ನಿಮಿಷದಲ್ಲಿ ಮಾತು ಮುಗಿಯಿತು. ಅಂಗಡಿಯವನು ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ ಏನೋ ಹೇಳಲು ಬಾಯಿ ತೆರೆದ. "ನನಗೆ ಹೇಳ್ಕೊಡ್ತೀಯೇನಪ್ಪಾ?" ಎಂದು ಕಾಂಪೌಂಡರು ಚೀಲ ಕಿತ್ತುಕೊಂಡು ಬಂದರು. ಇನ್ನೊಬ್ಬರು ಅಂಟಿಸಿದ ಚೀಟಿ ಓದುವ ಅಭ್ಯಾಸ ಅವರಿಗಿರಲಿಲ್ಲ. ಚೀಟಿ ಬರೆಯುವವರು ತಾವು.

ಹೊಸ ಮಾತ್ರೆ ಹಟಮಾರಿ. ಕಲ್ಬತ್ತಿನಲ್ಲಿ ಗುದ್ದಿದರೆ ಹಾರಿ ಮೇಜಿನ ಕೆಳಗೆ ಬೀಳುತ್ತಿತ್ತು. ಅಂತೂ ಪುಡಿ ಮಾಡಿ ನೀರಿಗೆ ಹಾಕಿದರೆ ಪುಡಿ ಉಬ್ಬಿ, ಲೋಳೆಯಾಗಿ, ಚಮಚಕ್ಕೆ ಜೋತುಬಿದ್ದಿತು. ಕಾಂಪೌಂಡರಿಗೆ ಸಿಟ್ಟು ನೆತ್ತಿಗೇರಿತು.

"ನೋಡೇ ಇಲ್ಲಿ, ಗೋಂದು! ಹಾಡಹಗಲೇ ಗೋಂದು ಬೆರೆಸ್ತಾರೆ ಈ ಕಂಪನಿಯವರು. ಇದನ್ನ ಹೊಟ್ಟೆಗೆ ಹಾಕ್ಕೊಂಡ್ರೆ ಹೊಟ್ಟೆ ಕೆಡದೆ ಇನ್ನೇನಾಗುತ್ತೆ?"

ಅಲ್ಲಿಗೆ ರೋಗದ ಮೂಲ ಸಿಕ್ಕಿತು ಅಂತಲೇ ಅವರು ತಿಳಿದರು. ಅವತ್ತಿನಿಂದ ಭಾನುವಾರ ಬೆಳಿಗ್ಗೆ ಒಂದು ವ್ರತದಂತೆ ಕೆಲಸ ಶುರುವಾಯಿತು. ವಾರದ ಏಳು ಮಾತ್ರೆ ಅರೆದು, ಕುದಿಸಿ ಆರಿಸಿದ ನೀರಿಗೆ ಹಾಕಿ ಎರಡು ತಾಸು ಬಿಡುವುದು. ಲೋಳೆ ಕೆಳಗೆ ಕೂತ ಮೇಲೆ ತೆಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುವುದು. ಔಷಧಿ ನೀರಿಗೆ ಇಳಿಯುತ್ತದೆ, ಗೋಂದು ಬಟ್ಟೆಯಲ್ಲಿ ಉಳಿಯುತ್ತದೆ. ಕಹಿ ತಗ್ಗಲೆಂದು ನಾಲ್ಕು ಹನಿ ನಿಂಬೆರಸ. ಕಂದು ಬಾಟಲಿ, ಏಳು ಕಚ್ಚಿನ ಕಾಗದದ ಪಟ್ಟಿ. ಬೆಳಕಿಗೆ ಹಿಡಿದರೆ ಕಣ್ಣೀರಿನಷ್ಟು ತಿಳಿ. ಇಂಥ ಮಿಕ್ಸ್ಚರ್ ದೊಡ್ಡ ಡಾಕ್ಟರ ಕಾಲದಲ್ಲೂ ಆಗಿರಲಿಲ್ಲ ಎಂದು ಅವರಿಗೆ ಅನಿಸಿತು. ಬೆಳಿಗ್ಗೆ ಬೇಗ ಏಳತೊಡಗಿದರು. ಗಡ್ಡ ದಿನಾ ಬೋಳಿಸತೊಡಗಿದರು. ಸಂಜೆ ಊಟದ ಹೊತ್ತಿಗೆ ಬಾಟಲಿ ಅಲ್ಲಾಡಿಸಿ, ಒಂದು ಕಚ್ಚು ಅಳೆದು, ಲೋಟವನ್ನು ಹೆಂಡತಿಯ ಮುಂದಿಟ್ಟು, ಗೇಟಿಗೆ ಬೀಗ ಹಾಕಿ ಬರಲು ಹೋಗುತ್ತಿದ್ದರು.

ಹೊಟ್ಟೆ ಮಾತ್ರ ಸುಧಾರಿಸಲಿಲ್ಲ, ಇನ್ನೂ ಕೆಟ್ಟಿತು. ಟೀಚರಮ್ಮ ಎರಡು ತುತ್ತಿಗೇ ಎದ್ದುಬಿಡುತ್ತಿದ್ದರು. ಮೈ ಇಳಿಯಿತು, ಕೆನ್ನೆ ಗುಳಿಬಿದ್ದಿತು. ಕಾಂಪೌಂಡರು ಗೋಂದು ಪೂರ್ತಿ ಹೋಗಿಲ್ಲ ಎಂದು ಬಟ್ಟೆಯನ್ನು ಆರು ಮಡಿಕೆ ಮಾಡಿದರು, ಎರಡೆರಡು ಸಲ ಸೋಸಿದರು. ಎಷ್ಟು ಸೋಸಿದರೂ ಹೆಂಡತಿಯ ಹೊಟ್ಟೆ ಅಷ್ಟೇ ಜೋರಾಗಿ ತಿರುಗಿ ಬೀಳುತ್ತಿತ್ತು.

ಮೂರು ತಿಂಗಳಾಯಿತು. ಮತ್ತೆ ಪರೀಕ್ಷೆ. ಹೊರಡುವ ಮುಂಚೆ ಟೀಚರಮ್ಮ ಚಪ್ಪಲಿ ಮೆಟ್ಟುತ್ತಾ, "ಇಷ್ಟಾದ ಮೇಲೂ ಸಕ್ಕರೆ ಇಳಿದಿಲ್ಲ ಅಂದ್ರೆ ನಾನಿನ್ನು ಈ ಔಷಧಿ ಮುಟ್ಟಲ್ಲ ರೀ. ಇನ್ಸುಲಿನ್ ಸೂಜಿನೂ ಬೇಡ. ನಮ್ಮಮ್ಮನಿಗೆ ಆಗಿದ್ದು ನನಗೂ ಆಗ್ಲಿ, ಸಾಕಾಗಿದೆ," ಎಂದರು. ಆಕೆ ಒಮ್ಮೆ ಬೇಡ ಅಂದರೆ ಬೇಡ. ನಲವತ್ತೇಳು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವರು ಎರಡೋ ಮೂರೋ ಸಲ ಕೇಳಿದ್ದರು ಅಷ್ಟೆ. ದಾರಿಯುದ್ದಕ್ಕೂ ಕಾಂಪೌಂಡರು ಬಸ್ಸಿನ ಕಂಬಿ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದರು.

ಡಾಕ್ಟರಮ್ಮನ ಕೋಣೆಯಲ್ಲಿ ಅವತ್ತು ಕಲಿಯಲು ಬಂದ ಇಬ್ಬರು ಎಳೆ ಡಾಕ್ಟರುಗಳಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. "ಬನ್ನಿ ಕಾಂಪೌಂಡರೇ," ಎಂದು ಡಾಕ್ಟರಮ್ಮ ಎದ್ದೇ ನಿಂತರು. "ನೋಡ್ರಪ್ಪಾ, ಇವರು ನಮಗೆಲ್ಲ ಸೀನಿಯರ್. ಔಷಧಿನ ಕೈಯಲ್ಲಿ ಮಾಡಿ ಕೊಡ್ತಿದ್ದ ಕಾಲದವರು. ಸ್ವಲ್ಪ ಹೇಳಿ ಇವರಿಗೆ, ಮಿಕ್ಸ್ಚರ್ ಹೆಂಗೆ ಮಾಡ್ತಿದ್ರಿ ಅಂತ."

ಕೇಳುವುದೊಂದೇ ತಡ. ಕಾಂಪೌಂಡರು ತಕ್ಕಡಿಯಿಂದ ಹಿಡಿದು ಕಾಗದದ ಕಚ್ಚಿನವರೆಗೆ ಐದು ನಿಮಿಷ ಹೇಳಿದರು. ಒಂದು ಕಚ್ಚೂ ಹೆಚ್ಚುಕಮ್ಮಿ ಆಗಿಲ್ಲ ಅನ್ನುವುದನ್ನು ಎರಡು ಸಲ ಹೇಳಿದರು. ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು. ಟೀಚರಮ್ಮ ಗಂಡನ ಮುಖವನ್ನೇ ನೋಡುತ್ತಾ ಕೂತಿದ್ದರು.

ಆಮೇಲೆ ಡಾಕ್ಟರಮ್ಮ ರಕ್ತ ಪರೀಕ್ಷೆಯ ಕಾಗದ ತೆರೆದರು. ಹುಬ್ಬು ಗಂಟಿಕ್ಕಿತು. "ಸಕ್ಕರೆಯ ಮೂರು ತಿಂಗಳ ಸರಾಸರಿ ಮೊದಲು ಎಂಟೂವರೆ ಇತ್ತು. ಈಗ ಎಂಟೂಕಾಲು. ಇಷ್ಟು ಕಡಿಮೆ ಇಳಿಯಬಾರದಿತ್ತು. ಟೀಚರಮ್ಮಾ, ದಿನಾ ತಗೋತಿದೀರಾ?"

"ಇಲ್ಲ," ಎಂದರು ಟೀಚರಮ್ಮ. "ವಾರಕ್ಕೆ ಮೂರು ದಿನ ಬಿಡ್ತೀನಿ. ಲೈಬ್ರರಿಗೆ ಹೋಗೋ ಹಿಂದಿನ ಸಂಜೆ. ತಗೊಂಡ್ರೆ ಮಾರನೇ ದಿನ ಬಸ್ಸಲ್ಲಿ ಮಾನ ಉಳಿಯಲ್ಲ."

ಕಾಂಪೌಂಡರು ಕುರ್ಚಿಯಲ್ಲೇ ತಿರುಗಿದರು. ಬಾಟಲಿ ವಾರ ವಾರ ಸರಿಯಾಗಿ ಖಾಲಿಯಾಗುತ್ತಿತ್ತಲ್ಲ! ತಾವು ಗೇಟಿಗೆ ಬೀಗ ಹಾಕಲು ಹೋದಾಗ ಲೋಟ ಎಲ್ಲಿಗೆ ಬಗ್ಗುತ್ತಿತ್ತು ಅನ್ನುವುದು ಆಗ ಹೊಳೆಯಿತು.

ಡಾಕ್ಟರಮ್ಮ ಎಳೆಯರ ಕಡೆ ತಿರುಗಿದರು. "ಕೇಳಿಸ್ಕೊಳ್ಳಿ, ಇದು ನೀವು ದಿನಾ ನೋಡೋ ಕಥೆ. ನಮ್ಮ ಲಿವರ್ ಇದೆಯಲ್ಲ, ಅದು ಊಟ ಇಲ್ಲದ ಹೊತ್ತಲ್ಲೂ ರಕ್ತಕ್ಕೆ ಸಕ್ಕರೆ ಬಿಡ್ತಾ ಇರುತ್ತೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದಕ್ಕೆ ಹಿಡಿತ ತಪ್ಪಿರುತ್ತೆ. ಮೆಟ್‌ಫಾರ್ಮಿನ್ ಅದರ ಕಿವಿ ಹಿಂಡುತ್ತೆ. ಮೈಯಲ್ಲಿರೋ ಇನ್ಸುಲಿನ್ ಹೇಳಿದ ಮಾತನ್ನ ಮೈ ಕೇಳೋ ಹಾಗೂ ಮಾಡುತ್ತೆ. ಇದೊಂದನ್ನೇ ತಗೊಂಡ್ರೆ ಸಕ್ಕರೆ ತೀರಾ ಕೆಳಗೆ ಇಳಿದು ತಲೆಸುತ್ತಿ ಬೀಳೋ ಭಯ ಕಡಿಮೆ. ಒಳ್ಳೇ ಔಷಧಿ, ಹಳೇ ಔಷಧಿ. ಇದರ ತಕರಾರು ಹೊಟ್ಟೆ ಜೊತೆ. ಇಡೀ ದಿನದ್ದನ್ನ ಒಂದೇ ಸಲ ಸುರಿದ್ರೆ ಕರುಳು ಸುಮ್ನಿರಲ್ಲ."

"ಅದಕ್ಕೆ ನಿಧಾನದ್ದು ಕೊಡ್ತೀವಿ," ಎಂದ ಹುಡುಗ.

"ಹೌದು. ಅದರೊಳಗೆ ಒಂದು ಥರ ಅಂಟು ಇರುತ್ತೆ. ನೀರು ತಾಗಿದ್ರೆ ಉಬ್ಬಿ ಲೋಳೆ ಆಗುತ್ತೆ. ಔಷಧಿ ಆ ಲೋಳೆಯೊಳಗಿಂದ ಎಷ್ಟೋ ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತೆ. ಆ ಮಾತ್ರೆಯ ಜಾಣತನ ಎಲ್ಲಾ ಆ ಅಂಟಲ್ಲೇ ಇರೋದು."

ಕಾಂಪೌಂಡರ ಕಿವಿ ಗುಯ್ ಅಂದಿತು. ಬಟ್ಟೆಯಲ್ಲಿ ಉಳಿದ ಲೋಳೆಯನ್ನು ಪ್ರತಿ ಭಾನುವಾರ ತಾವೇ ಕೈಯಾರೆ ಹಿಂಡಿ ಹಿಂಡಿ ಮೋರಿಗೆ ಚೆಲ್ಲಿದ್ದರು. ಚೆಲ್ಲಿ, ಕೈ ತೊಳೆದು, ಏನೋ ಗೆದ್ದವರಂತೆ ಬಂದು ಕೂರುತ್ತಿದ್ದರು.

"ಅರೆದು ತಗೊಂಡ್ರೆ ಏನಾಗುತ್ತೆ?" ಎಂದು ಹುಡುಗಿ ಕೇಳಿದಳು.

"ಅಲ್ಲಿಗೆ ಮುಗೀತು. ನಿಧಾನ ಹೋಯ್ತು, ದಿನದ ಪಾಲು ಪೂರ್ತಿ ಒಂದೇ ಗುಟುಕಲ್ಲಿ ಹೊಟ್ಟೆಗೆ ಬಿತ್ತು. ಸ್ಟ್ರಿಪ್ ಮೇಲೆ ಬರೆದೂ ಇರುತ್ತೆ, ಇಡಿಯಾಗಿ ನುಂಗಿ ಅಂತ. ಆದ್ರೂ ಅರೀತಾರೆ ಕೆಲವರು, ಪಾಪ ಓದು ಬರಹ ಇಲ್ಲದವರು." ಡಾಕ್ಟರಮ್ಮ ಟೀಚರಮ್ಮನ ಕಡೆ ತಿರುಗಿ ನಕ್ಕರು. "ಈ ಮನೆಯಲ್ಲಿ ಆ ಭಯ ಇಲ್ಲ ಬಿಡಿ. ಕೇಳೋ ಕ್ರಮಕ್ಕೆ ಕೇಳ್ತೀನಿ. ನುಂಗೋಕೆ ಕಷ್ಟ ಅಂತಿದ್ರಿ. ಇದನ್ನ ಇಡಿಯಾಗೇ ನುಂಗ್ತಿದೀರಿ ತಾನೆ?"

ಟೀಚರಮ್ಮ ಒಮ್ಮೆ ಗಂಡನ ಕಡೆ ನೋಡಿದರು. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಮೂವತ್ತು ವರ್ಷ ಕ್ಲಾಸಿನಲ್ಲಿ ಯಾರ ಲೆಕ್ಕ ಎಲ್ಲಿ ತಪ್ಪಿತು ಎಂದು ಮುಖ ನೋಡಿಯೇ ಹೇಳುತ್ತಿದ್ದವರಿಗೆ ಎಲ್ಲ ತಿಳಿಯಿತು.

"ಹೌದು. ಇಡಿಯಾಗೇ," ಎಂದರು ಒಂದು ಚೂರೂ ತಡವರಿಸದೆ. ಆಕೆ ಸುಳ್ಳು ಹೇಳಿದ್ದನ್ನು ಕಾಂಪೌಂಡರು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ನಿಮ್ಮ ಮೈಗೆ ಈ ಔಷಧಿನೇ ಒಗ್ಗಲ್ಲ," ಎಂದು ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. "ಕಣ್ಣಿನ ವಿಷಯ, ಇನ್ನು ಕಾಯೋಕಾಗಲ್ಲ. ಇದನ್ನ ನಿಲ್ಲಿಸಿ ಇನ್ಸುಲಿನ್ ಶುರು ಮಾಡೋಣ." ಪೆನ್ನು ತೆಗೆದರು.

"ಬೇಡಮ್ಮಾ, ಏನೂ ಬರೀಬೇಡಿ. ನಾನು ಇಲ್ಲಿಗೇ ಸಾಕು ಮಾಡ್ತೀನಿ," ಎಂದು ಟೀಚರಮ್ಮ ಚೀಲ ಎತ್ತಿಕೊಂಡರು.

ಕಾಂಪೌಂಡರು ಸುಮ್ಮನಿದ್ದುಬಿಡಬಹುದಿತ್ತು. ತಪ್ಪಿಸಿಕೊಳ್ಳಲು ಹೆಂಡತಿಯೇ ದಾರಿ ಮಾಡಿಕೊಟ್ಟಿದ್ದರು. ಸೀನಿಯರ್ ಅನ್ನಿಸಿಕೊಂಡ ಗೌರವ ಇಟ್ಟುಕೊಂಡೇ, ಎಳೆಯರು ಬರೆದುಕೊಂಡದ್ದನ್ನು ಅಳಿಸದೆಯೇ ಎದ್ದು ಬರಬಹುದಿತ್ತು. ಮನೆಗೆ ಹೋಗಿ ಗುಟ್ಟಾಗಿ ಸರಿಪಡಿಸಿಕೊಂಡರಾಯಿತು ಎಂದು ಒಂದು ಕ್ಷಣ ಅವರ ಮನಸ್ಸು ಲೆಕ್ಕ ಹಾಕಿಯೂ ಹಾಕಿತು. ಆದರೆ ಆಕೆ ಈಗಲೇ ಎದ್ದು ನಿಂತಿದ್ದರು. ಈ ಕೋಣೆ ದಾಟಿದರೆ ಮತ್ತೆ ಬರುವವರಲ್ಲ. ಮುಖ ತಡವಿ ನೋಡುತ್ತಿದ್ದ ಅತ್ತೆಯ ಬೆರಳುಗಳು ಅವರ ಕಣ್ಣ ಮುಂದೆ ಬಂದವು.

"ಡಾಕ್ಟರಮ್ಮಾ, ಅವಳು ಸುಳ್ಳು ಹೇಳ್ತಿದಾಳೆ," ಎಂದರು. "ನಾನು ಅರೆದು ಕೊಟ್ಟೆ. ಅರೆದು, ನೀರಲ್ಲಿ ನೆನೆಸಿ, ಆ ಅಂಟನ್ನೆಲ್ಲ ಸೋಸಿ ಚೆಲ್ಲಿ, ಔಷಧಿ ಇಳಿದ ನೀರು ಕುಡಿಸಿದೆ. ಕಂಪನಿಯವರು ಮೋಸಕ್ಕೆ ಗೋಂದು ಬೆರೆಸಿದಾರೆ ಅನ್ಕೊಂಡೆ. ಮೂರು ತಿಂಗಳು ಇವಳ ಹೊಟ್ಟೆ ಕೆಡಿಸಿದ್ದು ಔಷಧಿ ಅಲ್ಲ. ನಾನು."

ಹುಡುಗಿ ಪೆನ್ನು ಕೆಳಗಿಟ್ಟಳು. ಹುಡುಗ ಕಿಟಕಿಯ ಕಡೆ ನೋಡಿದ. ಡಾಕ್ಟರಮ್ಮ ಪರೀಕ್ಷೆಯ ಕಾಗದ ಮಡಿಸಿ ಪಕ್ಕಕ್ಕಿಟ್ಟರು.

"ಎಷ್ಟು ಮಡಿಕೆ ಬಟ್ಟೆ?" ಎಂದು ಕೊನೆಗೆ ಕೇಳಿದರು.

"ಆರು. ಎರಡು ಸಲ."

"ಅಷ್ಟು ಚೊಕ್ಕವಾಗಿ ಅದನ್ನ ಕೆಡಿಸೋದು ಇನ್ಯಾರಿಗೂ ಆಗ್ತಿರಲಿಲ್ಲ ಕಾಂಪೌಂಡರೇ," ಎಂದರು ಡಾಕ್ಟರಮ್ಮ. ಗದರಲಿಲ್ಲ, ನಗಲೂ ಇಲ್ಲ. "ತಪ್ಪು ನಂದೂ ಇದೆ. ನಿಮಗೆ ಎಲ್ಲಾ ಗೊತ್ತು ಅನ್ಕೊಂಡು ನಾನು ಬಿಡಿಸಿ ಹೇಳಲಿಲ್ಲ." ಟೀಚರಮ್ಮನ ಕೈ ಹಿಡಿದು ಕೂರಿಸಿದರು. ಚಿಕ್ಕ ಪ್ರಮಾಣದ ನಿಧಾನದ ಮಾತ್ರೆ, ಗಾತ್ರದಲ್ಲೂ ಸ್ವಲ್ಪ ಚಿಕ್ಕದು, ಊಟದ ಮಧ್ಯದಲ್ಲಿ ಒಂದು. ಹೊಟ್ಟೆ ಒಪ್ಪಿದರೆ ಕೆಲವು ವಾರದ ಮೇಲೆ ಏರಿಸುವುದು. ಮೊದಲು ಒಂದು ಗುಟುಕು ನೀರು, ಆಮೇಲೆ ನಾಲಿಗೆ ಮೇಲೆ ಮಾತ್ರೆ, ಇನ್ನೊಂದು ಗುಟುಕು, ಗಲ್ಲ ಎದೆಗೆ ತಾಗಿಸಿ ನುಂಗುವುದು. ಬೆಳಿಗ್ಗೆ ಮಾತ್ರೆಯ ಚಿಪ್ಪು ಹಾಗೇ ಹೊರಗೆ ಬಂದದ್ದು ಕಂಡರೆ ಗಾಬರಿಯಾಗಬಾರದು, ಔಷಧಿ ಒಳಗೇ ಉಳಿದಿರುತ್ತದೆ. ಕಿಡ್ನಿಗೆ, ವಿಟಮಿನ್ನಿಗೆ ಆಗಾಗ ರಕ್ತ ಪರೀಕ್ಷೆ. "ಏನೇ ಮಾಡಿದ್ರೂ ಇಳಿಯಲ್ಲ ಅಂದ್ರೆ ನನಗೆ ಹೇಳಿ, ಬೇರೆ ದಾರಿ ಇದೆ. ಅಡುಗೆಮನೆಯಲ್ಲಿ ದಾರಿ ಹುಡುಕ್ಬೇಡಿ."

ಕಾಂಪೌಂಡರು ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡರು. ಇನ್ನೊಬ್ಬರು ಹೇಳಿದ್ದನ್ನು ಹೀಗೆ ಬರೆದುಕೊಂಡು ಎಷ್ಟು ವರ್ಷವಾಗಿತ್ತೋ.

ಬಸ್ ನಿಲ್ದಾಣದಲ್ಲಿ ಟೀಚರಮ್ಮನ ಸಿಟ್ಟು ಹೊರಬಿತ್ತು. "ನಿಮಗೆ ಬಾಯಿ ಮುಚ್ಕೊಂಡು ಇರೋಕೆ ಬರಲ್ವಾ? ಆ ಹುಡುಗಿ ಬರ್ಕೊಂಡಿದ್ಲು ನೀವು ಹೇಳಿದ್ದನ್ನ. ಇಬ್ಬರ ಎದುರಿಗೆ ನಿಮ್ಮ ಮರ್ಯಾದೆ ನೀವೇ ಮೋರಿಗೆ ಚೆಲ್ಕೊಂಡ್ರಲ್ಲ!"

"ಮೋರಿಗೆ ಚೆಲ್ಲೋದು ನಂಗೊಬ್ಬನಿಗೇನಾ ಬರೋದು?" ಎಂದರು ಕಾಂಪೌಂಡರು.

ಟೀಚರಮ್ಮ ನಾಲಿಗೆ ಕಚ್ಚಿಕೊಂಡರು. ಬಸ್ಸು ಬಂದಾಗ ಕಾಂಪೌಂಡರು ಹೇಳಿದರು: "ನನ್ನ ಮರ್ಯಾದೆ ತಗೊಂಡು ಏನು ಮಾಡ್ಲೇ? ನಿನ್ನ ಕಣ್ಣು ಹೋದ್ರೆ ಅದನ್ನ ನೋಡೋರು ಯಾರು?"

ಮೂರು ತಿಂಗಳ ಮೇಲೆ ಸಕ್ಕರೆ ಏಳಕ್ಕಿಳಿದದ್ದು, ಕಣ್ಣಿನ ಡಾಕ್ಟರು ಕಲೆ ಇದ್ದಲ್ಲೇ ಇದೆ ಅಂದದ್ದು, ಲೈಬ್ರರಿಯ ದಿನಗಳು ಮತ್ತೆ ಮೊದಲಿನಂತಾದದ್ದು, ಅದೆಲ್ಲ ಆಮೇಲಿನ ಮಾತು. ಆ ಸಂಜೆ ಮಾತ್ರ ಊಟದ ಮೇಜಿನ ಮೇಲೆ ಒಂದು ಲೋಟ ನೀರು, ಒಂದು ಬಿಳಿ ಮಾತ್ರೆ, ಎದುರುಬದುರು ಇಬ್ಬರು. ಹೊರಗೆ ಇನ್ನೂ ಬೆಳಕಿತ್ತು.

ಮೊದಲ ಸಲ ನೀರು ಹೋಯಿತು, ಮಾತ್ರೆ ನಾಲಿಗೆ ಮೇಲೆ ಉಳಿಯಿತು. ಎರಡನೇ ಸಲ ಕೆಮ್ಮು ಬಂದು ಮಾತ್ರೆ ಅಂಗೈಗೆ ಬಿತ್ತು. ಟೀಚರಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಅರೆಯಲು, ಅಳೆಯಲು, ಅಲ್ಲಾಡಿಸಲು ಏನೂ ಇಲ್ಲದೆ ಕಾಂಪೌಂಡರ ಕೈಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಅವರ 'ರೋಗಿ' ಇಷ್ಟು ಹತ್ತಿರ ಕೂತು ಒದ್ದಾಡುವಾಗ ಅವರು ಹೀಗೆ ಕೈಕಟ್ಟಿ ಕೂತದ್ದೇ ಇಲ್ಲ.

"ಸ್ವಲ್ಪ ಸುಧಾರಿಸ್ಕೋ," ಎಂದರು. ಆಮೇಲೆ, ಬೆಳಗಿನಿಂದ ಎದೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದರು. "ಒಂದು ಕೇಳ್ತೀನಿ, ನಿಜ ಹೇಳು. ಚೆಲ್ಲಿದ ಮಾರನೇ ದಿನ ಹೊಟ್ಟೆ ಚೆನ್ನಾಗಿರ್ತಿತ್ತು, ಕುಡಿದ ಮಾರನೇ ದಿನ ಕೆಡ್ತಿತ್ತು. ಲೆಕ್ಕದ ಟೀಚರು ನೀನು. ನನ್ನ ಬಾಟ್ಲಿಯಲ್ಲೇ ಏನೋ ತಪ್ಪಿದೆ ಅಂತ ನಿನಗೆ ಅನುಮಾನ ಬರಲಿಲ್ವಾ?"

"ಎರಡನೇ ವಾರಕ್ಕೇ ಬಂತು."

"ಮತ್ತೆ ಉಳಿದ ನಾಲ್ಕು ದಿನ ಯಾಕೆ ಕುಡಿದೆ?"

ಟೀಚರಮ್ಮ ಅಂಗೈಯ ಮಾತ್ರೆಯನ್ನು ನೋಡುತ್ತಾ ಕೂತರು. "ಭಾನುವಾರ ಅದನ್ನ ಮಾಡೋಕೆ ಕೂತಾಗ ನೀವು ಹಾಡು ಗುನುಗ್ತಿದ್ರಿ. ನಿಮಗೆ ಗೊತ್ತಿರಲಿಲ್ಲ. ನಾನು ಒಳಗಿಂದ ಕೇಳ್ತಿದ್ದೆ. ಮದುವೆ ಆದ ಹೊಸದರಲ್ಲಿ ಗುನುಗ್ತಿದ್ದ ಹಾಡೇ. ಹನ್ನೊಂದು ವರ್ಷ ಆಗಿತ್ತು ರೀ, ಈ ಮನೆಯಲ್ಲಿ ಅದನ್ನ ಕೇಳಿ. ಏಳೂ ದಿನ ಚೆಲ್ಲೋಕೆ ನನಗೆ ಮನಸ್ಸು ಬರಲಿಲ್ಲ."

ಕಾಂಪೌಂಡರು ಮೇಜಿನ ಆಚೆಗೆ ಕೈ ಚಾಚಿ ಹೆಂಡತಿಯ ಮೊಣಕೈ ಹಿಡಿದುಕೊಂಡರು. ಆಕೆ ಒಂದು ಗುಟುಕು ನೀರು ಕುಡಿದು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಇನ್ನೊಂದು ಗುಟುಕು ತಗೊಂಡು, ಗಲ್ಲವನ್ನು ಎದೆಗೆ ತಾಗಿಸಿದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಗಂಟಲು ಒಮ್ಮೆ ಏರಿ ಇಳಿಯಿತು. ಅದರ ಜೊತೆಗೇ ಕಾಂಪೌಂಡರ ಗಂಟಲೂ ಏರಿ ಇಳಿಯಿತು.

"ಹೋಯ್ತಾ?"

ಟೀಚರಮ್ಮ ಕಣ್ಣು ಬಿಟ್ಟು, ಉಸಿರೆಳೆದುಕೊಂಡು, ತಲೆಯಾಡಿಸಿದರು. "ಹೋಯ್ತು." ಕೆನ್ನೆ ಒರೆಸಿಕೊಂಡು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ನಾಳೆನೂ ಎದುರಿಗೇ ಕೂತ್ಕೋಬೇಕು ನೀವು. ಗೇಟಿನ ಬೀಗ ಆಮೇಲೆ ಹಾಕಿದ್ರಾಯ್ತು."